ಅಲರ್ಜಿ ಪೆನ್‌ಗೆ ಇನ್ಶೂರೆನ್ಸ್ ದುಡ್ಡು: ಬೆಂಗಳೂರಿನಲ್ಲಿ ಕೇಳುವುದು ಹೇಗೆ

ಗೇರುಬೀಜ, ಕಡಲೆಕಾಯಿ, ಸೀಗಡಿ, ಅಪಾರ್ಟ್‌ಮೆಂಟಿನ ಸಜ್ಜದ ಕೆಳಗೆ ಗೂಡು ಕಟ್ಟುವ ಹೆಜ್ಜೇನು, ಯಾವುದೋ ನೋವಿನ ಮಾತ್ರೆ. ಇದರಲ್ಲಿ ಒಂದಕ್ಕೆ ಜೋರು ಅಲರ್ಜಿ ಇರುವವರು ಮನೆಯಲ್ಲಿದ್ದರೆ, ಅಡ್ರಿನಾಲಿನ್ ಪೆನ್ ಇಟ್ಟುಕೊಳ್ಳಿ ಅಂತ ಡಾಕ್ಟರು ಹೇಳಿರುತ್ತಾರೆ. ಎಪಿಪೆನ್ ಅಂತ ಜನ ಕರೆಯುವುದು ಇದನ್ನೇ. ಗಂಟಲು ಊದಿಕೊಂಡು ಉಸಿರು ಸಿಗದಿದ್ದಾಗ ತೊಡೆಯ ಹೊರಬದಿಗೆ ಬಟ್ಟೆಯ ಮೇಲಿಂದಲೇ ಚುಚ್ಚುವ ಇಂಜೆಕ್ಷನ್ ಇದು. ಬೆಲೆ ಕೇಳಿದ ಮೇಲೆ ಎಲ್ಲರೂ ಕೇಳುವುದು ಒಂದೇ: ಇನ್ಶೂರೆನ್ಸ್ ಕೊಡುತ್ತಾ?

ನೇರವಾಗಿ ಹೇಳುತ್ತೇನೆ. ಸಾಮಾನ್ಯ ಹೆಲ್ತ್ ಪಾಲಿಸಿ ಪೆನ್ ಕೊಳ್ಳಲು ದುಡ್ಡು ಕೊಡುವುದಿಲ್ಲ. ನಮ್ಮಲ್ಲಿ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ಅಡ್ಮಿಟ್ ಆದರೆ ಮಾತ್ರ ಲೆಕ್ಕ ತೆಗೆಯುತ್ತವೆ. ಮನೆಯಲ್ಲಿ ಇಟ್ಟುಕೊಳ್ಳುವ ಔಷಧಿ ಅವರ ಕಣ್ಣಿಗೆ ಓಪಿಡಿ ಖರ್ಚು, ಅಂದರೆ ಅಡ್ಮಿಟ್ ಆಗದೆ ಆಗುವ ಖರ್ಚು. ಗೂಗಲ್ ಮಾಡಿದರೆ ಸಿಗುವ ಲೇಖನಗಳೆಲ್ಲ ಅಮೆರಿಕದವು. ಅಲ್ಲಿ ಮೆಡಿಕಲ್ ಶಾಪ್ ಬಿಲ್ಲಿಗೂ ಇನ್ಶೂರೆನ್ಸ್ ನಡೆಯುತ್ತದೆ, ಇಲಿನಾಯ್ ರಾಜ್ಯದಲ್ಲಂತೂ 18 ವರ್ಷದವರೆಗಿನವರ ಪೆನ್‌ಗೆ 2020ರಿಂದ ಕವರ್ ಕೊಡಲೇಬೇಕು ಅಂತ ಕಾನೂನಿದೆ. ಅದನ್ನು ಓದಿಕೊಂಡು ಇಲ್ಲಿನ ಟಿಪಿಎ (ಇನ್ಶೂರೆನ್ಸ್ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಜೊತೆ ವಾದಕ್ಕೆ ಇಳಿದರೆ ಸಮಯ ಹಾಳು, ಅಷ್ಟೆ. ನಮ್ಮ ದಾರಿಗಳೇ ಬೇರೆ.

ಮೊದಲು ಪಾಲಿಸಿಯ ಪೂರ್ತಿ ಪಿಡಿಎಫ್ ತೆಗೆಯಿರಿ. ಏಜೆಂಟ್ ಕಳಿಸಿದ ಎರಡು ಪುಟದ ಬ್ರೋಶರ್ ಸಾಲದು. ಅದರಲ್ಲಿ ಓಪಿಡಿ ಅಂತ ಹುಡುಕಿ. ಆ ಕವರ್ ಇದ್ದರೆ ಅದರಲ್ಲಿ ಔಷಧಿಯೂ ಸೇರಿದೆಯಾ, ಡಾಕ್ಟರ ಫೀಸು ಮಾತ್ರವಾ, ವರ್ಷಕ್ಕೆ ಎಷ್ಟು ಮಿತಿ, ಯಾವ ಮೆಡಿಕಲ್ ಶಾಪಿನ ಬಿಲ್ ನಡೆಯುತ್ತದೆ ಅಂತ ನೋಡಿ. ಬೆಂಗಳೂರಿನಲ್ಲಿ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ಎಷ್ಟೋ ಜನರಿಗೆ ಗ್ರೂಪ್ ಪಾಲಿಸಿಯ ಜೊತೆಗೆ ಓಪಿಡಿ ಮೊತ್ತವೂ ಇರುತ್ತದೆ, ಅದು ಇದೆ ಅನ್ನುವುದೇ ಗೊತ್ತಿಲ್ಲದೆ ವರ್ಷ ಕಳೆದುಹೋಗುತ್ತದೆ. ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಫೋನಿನಲ್ಲಿ ಕೇಳಬೇಡಿ. ಉತ್ತರ ಬರಹದಲ್ಲಿ ಇರಲಿ. ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗಿದ್ದು ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಇರುವವರು ತಮ್ಮ ಡಿಸ್ಪೆನ್ಸರಿಯಲ್ಲೇ ಕೇಳಬೇಕು. ಇಎಸ್‌ಐನಲ್ಲಿ ಅಡ್ಮಿಟ್ ಆಗದೆಯೂ ಔಷಧಿ ಸಿಗುತ್ತದೆ. ಡಿಸ್ಪೆನ್ಸರಿಯಲ್ಲಿ ಆಗದಿದ್ದರೆ ಅಲ್ಲಿಂದ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ.

ಓಪಿಡಿ ಇಲ್ಲದವರಿಗೆ ಇನ್ನೊಂದು ದಾರಿ ಇದೆ, ತುಂಬಾ ಜನ ಬಿಟ್ಟುಬಿಡುವುದು ಇದನ್ನೇ. ಅಲರ್ಜಿ ರಿಯಾಕ್ಷನ್ ಆಗಿ ಅಡ್ಮಿಟ್ ಆಗಿದ್ದರೆ, ಡಿಸ್ಚಾರ್ಜ್ ಆದ ಮೇಲೂ ಅದೇ ಕಾಯಿಲೆಗೆ ಆಗುವ ಖರ್ಚನ್ನು ಪಾಲಿಸಿ ಕೆಲವು ದಿನ ಕೊಡುತ್ತದೆ. ಸಾಮಾನ್ಯವಾಗಿ 60 ದಿನ, ಕೆಲವು ಪಾಲಿಸಿಗಳಲ್ಲಿ ಇನ್ನೂ ಜಾಸ್ತಿ. ಆ ಅವಧಿಯಲ್ಲಿ ಕೊಂಡ ಪೆನ್ನನ್ನು ಈ ಲೆಕ್ಕದಲ್ಲಿ ಕೇಳಬಹುದು, ಆದರೆ ಎರಡು ಷರತ್ತು. ಅಡ್ಮಿಷನ್ ಕ್ಲೇಮ್ ಪಾಸ್ ಆಗಿರಬೇಕು. ಪೆನ್ನಿನ ಹೆಸರು ಡಿಸ್ಚಾರ್ಜ್ ಸಮರಿಯ (ಮನೆಗೆ ಕಳಿಸುವಾಗ ಆಸ್ಪತ್ರೆ ಕೊಡುವ ಚಿಕಿತ್ಸೆಯ ವಿವರ) ಔಷಧಿ ಪಟ್ಟಿಯಲ್ಲೇ ಇರಬೇಕು. ಒಂದು ವಾರ ಬಿಟ್ಟು ಬೇರೆ ಡಾಕ್ಟರ ಹತ್ತಿರ ಬರೆಸಿದರೆ ಅದನ್ನು ಒಪ್ಪಿಸುವುದು ಕಷ್ಟ. ಬಿಲ್ ಕೌಂಟರ್ ಮುಂದೆ ನಿಂತಿರುವಾಗಲೇ ಸಮರಿ ಓದಿ, ಇಲ್ಲದಿದ್ದರೆ ವಾಪಸ್ ವಾರ್ಡಿಗೆ ಹೋಗಿ ಸೇರಿಸಿಕೊಂಡು ಬನ್ನಿ.

ಆ ಸಮರಿಯಲ್ಲಿ ಇನ್ನೊಂದು ಪದದ ಮೇಲೆ ಕಣ್ಣಿಡಿ: ಅಬ್ಸರ್ವೇಶನ್. ನಮ್ಮ ಅಕ್ಕನ ಮಗನಿಗೆ ಮದುವೆ ಮನೆಯ ಪಾಯಸದಲ್ಲಿದ್ದ ಗೇರುಬೀಜದಿಂದ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತು. ಎಮರ್ಜೆನ್ಸಿಯಲ್ಲಿ ಅಡ್ರಿನಾಲಿನ್, ಆಕ್ಸಿಜನ್, ಡ್ರಿಪ್ ಎಲ್ಲ ಕೊಟ್ಟರು. ಸಮರಿಯಲ್ಲಿ ಮಾತ್ರ ಅಬ್ಸರ್ವೇಶನ್‌ಗಾಗಿ ಅಡ್ಮಿಟ್ ಮಾಡಲಾಯಿತು ಅಂತ ಒಂದೇ ಸಾಲು. ಕ್ಲೇಮ್ ತಿರಸ್ಕಾರವಾಯಿತು. ಬರೀ ತಪಾಸಣೆ, ನಿಗಾಕ್ಕೆ ಆದ ಅಡ್ಮಿಷನ್‌ಗೆ ದುಡ್ಡಿಲ್ಲ ಅನ್ನುವ ಷರತ್ತು ಹೆಚ್ಚಿನ ಪಾಲಿಸಿಗಳಲ್ಲಿ ಇದೆ, ಎಕ್ಸ್‌ಕ್ಲೂಷನ್ ಕೋಡ್ 04. ಡಾಕ್ಟರು ಆಮೇಲೆ ಒಂದು ಪತ್ರ ಬರೆದುಕೊಟ್ಟರು: ಅನಾಫಿಲ್ಯಾಕ್ಸಿಸ್ (ಜೀವಕ್ಕೆ ಅಪಾಯ ತರುವ ಅಲರ್ಜಿ ರಿಯಾಕ್ಷನ್), ಬಂದಾಗ ಬಿಪಿ ಮತ್ತು ಆಮ್ಲಜನಕ ಇಷ್ಟಿಷ್ಟು, ಅಡ್ರಿನಾಲಿನ್ ಇಷ್ಟು ಹೊತ್ತಿಗೆ ತೊಡೆಗೆ ಕೊಟ್ಟೆವು, ಕೆಲವು ಗಂಟೆ ಬಿಟ್ಟು ರಿಯಾಕ್ಷನ್ ಮರುಕಳಿಸುವ ಅಪಾಯ ಇದ್ದಿದ್ದರಿಂದ ಚಿಕಿತ್ಸೆ ಮುಂದುವರಿಸಬೇಕಾಯಿತು. ಅದನ್ನು ಲಗತ್ತಿಸಿದ ಮೇಲೆ ದುಡ್ಡು ಬಂತು. ಬರೆದಿದ್ದೆಲ್ಲ ನಡೆದ ಸಂಗತಿಯೇ, ಮೊದಲೇ ಬರೆದಿದ್ದರೆ ಆಗುತ್ತಿತ್ತು, ಅಲ್ವಾ?

24 ಗಂಟೆ ಆಸ್ಪತ್ರೆಯಲ್ಲಿ ಇರಲೇಬೇಕು ಅನ್ನುವ ಷರತ್ತನ್ನೂ ನೋಡಿಕೊಳ್ಳಿ. ಅಲರ್ಜಿ ಕೇಸುಗಳನ್ನು ಎಷ್ಟೋ ಸಲ ಅದಕ್ಕೆ ಮುಂಚೆಯೇ ಮನೆಗೆ ಕಳಿಸುತ್ತಾರೆ. 2 ಗಂಟೆ ಅಡ್ಮಿಷನ್ ಸಾಕು ಎನ್ನುವ ಪಾಲಿಸಿಗಳೂ ಈಗ ಇವೆ, ಹೊಸದಾಗಿ ಕೊಳ್ಳುವ ಅಲರ್ಜಿಯವರು ಅಂಥದ್ದನ್ನೇ ಹುಡುಕಿ ಅನ್ನುವುದು ನನ್ನ ಸಲಹೆ. ಕೊಳ್ಳುವಾಗ ಪ್ರಪೋಸಲ್ ಫಾರ್ಮಿನಲ್ಲಿ ಅಲರ್ಜಿಯನ್ನು ಮುಚ್ಚಿಡಬೇಡಿ. ಏಜೆಂಟ್ ಬೇಡ ಬಿಡಿ ಸರ್ ಅಂದರೂ ಬರೆಯಿಸಿ. 2024ರ ನಿಯಮದ ಪ್ರಕಾರ ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 36 ತಿಂಗಳು ಕಾಯಿಸಬಹುದು, ಆಮೇಲೆ ಕವರ್ ಕೊಡಬೇಕು. ಮುಚ್ಚಿಟ್ಟಿದ್ದು ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗಬಹುದು.

ಇನ್ನು ಪೆನ್ ಎಲ್ಲಿ ಸಿಗುತ್ತದೆ? ಮಲ್ಲೇಶ್ವರದಿಂದ ಜಯನಗರದವರೆಗೆ ಮೆಡಿಕಲ್ ಶಾಪ್ ಸುತ್ತಿದರೂ ಸುಲಭಕ್ಕೆ ಸಿಗುವ ವಸ್ತು ಅಲ್ಲ. ಹೆಚ್ಚಿನವರು ಅಮೆರಿಕದಿಂದಲೋ ಇಂಗ್ಲೆಂಡಿನಿಂದಲೋ ಬರುವ ನೆಂಟರಿಗೆ ಹೇಳುತ್ತಾರೆ. ಕಾನೂನು ಏನೆಂದರೆ, ಪ್ರಯಾಣಿಕರು ತಮ್ಮ ಸ್ವಂತ ಬಳಕೆಯ ಔಷಧಿಯನ್ನು ಲಗೇಜಿನಲ್ಲಿ ತರಬಹುದು. ನಿಮಗೋಸ್ಕರ ಇನ್ನೊಬ್ಬರು ತಂದರೆ ಅದು ಅವರ ಸ್ವಂತ ಬಳಕೆ ಆಗುವುದಿಲ್ಲ. ಅದಕ್ಕೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒಗೆ ಫಾರ್ಮ್ 12ಎ ಅರ್ಜಿ ಹಾಕಿ, ಡಾಕ್ಟರ ಚೀಟಿ ಲಗತ್ತಿಸಿ, 12ಬಿ ಪರವಾನಗಿ ತೆಗೆದುಕೊಳ್ಳಿ. ಪರವಾನಗಿ, ಹೊರದೇಶದ ಅಂಗಡಿಯ ಬಿಲ್, ದುಡ್ಡು ಕಟ್ಟಿದ ಬ್ಯಾಂಕ್ ದಾಖಲೆ, ಸುಂಕ ಕಟ್ಟಿದ್ದರೆ ಅದರ ರಸೀದಿ, ಎಲ್ಲದರ ಮೇಲೂ ರೋಗಿಯ ಹೆಸರು ಒಂದೇ ರೀತಿ ಇರಲಿ. ನೆಂಟರ ಹೆಸರಿನ ಬಿಲ್ ತಂದು ಮಗುವಿನ ಹೆಸರಲ್ಲಿ ಕ್ಲೇಮ್ ಹಾಕಿದರೆ ಅದು ಮೊದಲ ಮೇಜಿನಲ್ಲೇ ನಿಲ್ಲುತ್ತದೆ.

ಕೊಳ್ಳುವ ಮುಂಚೆ ಡೋಸ್ ಸರಿಯಾಗಿ ಕೇಳಿಕೊಳ್ಳಿ. ಎಪಿಪೆನ್ 0.3 ಮಿಲಿಗ್ರಾಂದು 30 ಕೆಜಿ ಮೇಲ್ಪಟ್ಟವರಿಗೆ, 0.15ರದ್ದು 15ರಿಂದ 30 ಕೆಜಿಯ ಮಕ್ಕಳಿಗೆ. ಎರಡು ಪೆನ್ ಇರಬೇಕು, ಯಾಕೆಂದರೆ 5ರಿಂದ 15 ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು ಬೇಕಾಗುತ್ತದೆ. ಹಾಗಾಗಿ ಡಾಕ್ಟರ ಚೀಟಿಯಲ್ಲೂ ಎರಡು ಅಂತಲೇ ಬರೆಸಿ. ಒಂದು ಅಂತ ಇದ್ದರೆ ಒಂದರ ದುಡ್ಡೇ ಬರುವುದು.

ಪೆನ್ ಕೈಗೆಟುಕದಿದ್ದರೆ ಡಾಕ್ಟರನ್ನು ಆಂಪ್ಯೂಲ್ (ಔಷಧಿ ತುಂಬಿದ ಸಣ್ಣ ಗಾಜಿನ ಶೀಷೆ) ಬಗ್ಗೆ ಕೇಳಿ. ಅದೇ ಅಡ್ರಿನಾಲಿನ್, 1 ಮಿಲಿಯಲ್ಲಿ 1 ಮಿಲಿಗ್ರಾಂ, ಇಲ್ಲೇ ಸಿಗುತ್ತದೆ, ಪೆನ್ನಿನ ಬೆಲೆಯ ಮುಂದೆ ಏನೇನೂ ಅಲ್ಲ. ಸಿರಿಂಜಿಗೆ ಎಳೆದು ಸರಿಯಾದ ಅಳತೆ ಕೊಡುವುದನ್ನು ಅವರ ಎದುರಿಗೇ ಕಲಿತುಕೊಳ್ಳಬೇಕು, ಸುಮ್ನೆ ವಿಡಿಯೋ ನೋಡಿ ಮಾಡುವ ಕೆಲಸ ಅಲ್ಲ. ಪೆನ್ ಆಗಲಿ ಸಿರಿಂಜ್ ಆಗಲಿ, ಚುಚ್ಚಿದ ತಕ್ಷಣ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಲೇಬೇಕು. ಕ್ಲೇಮಿನ ಮಾತು ಆಮೇಲೆ. ಆದರೂ ಮನೆಯ ಒಬ್ಬರು ಟಿಪಿಎಗೆ ಅದೇ ದಿನ ತಿಳಿಸಿಬಿಡಿ, ಸಾಮಾನ್ಯವಾಗಿ 24 ಗಂಟೆಯ ಗಡುವು ಇರುತ್ತದೆ.

ಕ್ಲೇಮ್ ತಿರಸ್ಕಾರವಾದರೆ ಕಾರಣ ಮತ್ತು ಪಾಲಿಸಿಯ ಯಾವ ಷರತ್ತು ಅನ್ನುವುದನ್ನು ಲಿಖಿತವಾಗಿ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್ ಅಥವಾ ಸಹಾಯವಾಣಿ 155255 ಕೂಡ ಇದೆ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಜೆ.ಪಿ.ನಗರ ಮೊದಲ ಹಂತದ ಜೀವನ್ ಸೌಧದಲ್ಲಿರುವ ಇನ್ಶೂರೆನ್ಸ್ ಒಂಬುಡ್ಸ್‌ಮನ್ (ಗ್ರಾಹಕ ಮತ್ತು ಕಂಪನಿಯ ತಕರಾರು ತೀರಿಸುವ ಅಧಿಕಾರಿ) ಕಚೇರಿಗೆ ಹೋಗಿ. ಫೀಸಿಲ್ಲ, ವಕೀಲರು ಬೇಕಿಲ್ಲ, ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ದೂರು ಕೊಡಬೇಕು. ಹೋಗುವಾಗ ಪಾಲಿಸಿಯ ಪ್ರತಿ, ತಿರಸ್ಕಾರದ ಪತ್ರ, ಡಿಸ್ಚಾರ್ಜ್ ಸಮರಿ, ಕಂಪನಿಗೆ ನೀವು ಬರೆದ ದೂರಿನ ನಕಲು ಜೊತೆಗಿರಲಿ.