ಕುದುರೆ ಮೊಂಡು ಅಲ್ಲ, ಬೆನ್ನು ನೋಯ್ತಿರಬಹುದು

ಜೀನು ಹಿಡ್ಕೊಂಡು ಲಾಯದೊಳಗೆ ಕಾಲಿಟ್ಟ ಕೂಡ್ಲೇ ಕಿವಿ ಹಿಂದಕ್ಕೆ ಮಡಚಿ, ಹೊಟ್ಟೆ ಪಟ್ಟಿ ಬಿಗಿಯೋವಾಗ ಕಚ್ಚೋಕೆ ಬರೋ ಕುದುರೆಗೆ ಎಲ್ರೂ ಕೊಡೋ ಬಿರುದು 'ಮೊಂಡು', ಆದ್ರೆ ಎಷ್ಟೋ ಸಲ ಅದಕ್ಕೆ ಬೆನ್ನು ನೋಯ್ತಿರುತ್ತೆ ಅಷ್ಟೆ. ಬಿಗಿದುಕೊಂಡ ಬೆನ್ನಿನ ಕೀಲನ್ನ ಕೈಯಲ್ಲೇ ಚುರುಕಾಗಿ ಒತ್ತಿ ಸಡಿಲ ಮಾಡೋದು ಕೈರೋಪ್ರಾಕ್ಟಿಕ್. 'ಮೂಳೆ ಜಾರಿದೆ, ಕೂರಿಸ್ತೀನಿ' ಅನ್ನೋರನ್ನ ಮಾತ್ರ ನಂಬಬೇಡಿ, ಅರ್ಧ ಟನ್ ಪ್ರಾಣಿ ಮೂಳೆ ಹಾಗೆಲ್ಲ ಜಾರಿ, ಒತ್ತಿದ್ರೆ ಕೂರಲ್ಲ.

ಮೊದ್ಲು ಸಮತಟ್ಟು ನೆಲದ ಮೇಲೆ ನಿಲ್ಲಿಸಿ ಹಿಂದಿನಿಂದ ನೋಡಿ (ಒದೆ ತಾಗದಷ್ಟು ದೂರದಿಂದ!). ಸೊಂಟದ ಎರಡೂ ಕಡೆ ಮಾಂಸ ಒಂದೇ ಥರ ತುಂಬಿದ್ಯಾ, ಬಾಲ ಯಾವಾಗ್ಲೂ ಒಂದೇ ಕಡೆ ವಾಲುತ್ತಾ, ಲಾಳ ಒಂದು ಬದಿ ಜಾಸ್ತಿ ಸವೆದಿದ್ಯಾ.

ಆಮೇಲೆ ಕೈ ಇಡಿ. ಭುಜದ ಹಿಂದಿನಿಂದ ಸೊಂಟದವರೆಗೆ, ಬೆನ್ನುಮೂಳೆಯಿಂದ ನಾಲ್ಕು ಬೆರಳು ಪಕ್ಕದಲ್ಲಿ, ನಿಧಾನಕ್ಕೆ ಒತ್ತುತ್ತಾ ಬನ್ನಿ, ಉಗುರು ತಾಗಿದ್ರೆ ಚೆನ್ನಾಗಿರೋ ಕುದುರೇನೂ ಬೆಚ್ಚುತ್ತೆ ಅದಕ್ಕೆ ಬೆರಳಿನ ಮೆತ್ತನೆ ಭಾಗದಲ್ಲೇ ಒತ್ತಿ. ಒಂದೇ ಜಾಗದಲ್ಲಿ ಪ್ರತಿ ಸಲ ಕುಗ್ಗಿದ್ರೆ, ಚರ್ಮ ಅದುರಿದ್ರೆ, ಜೀನು ಇಟ್ಟು ಅದು ಅಲ್ಲೇ ಒತ್ತುತ್ತಾ ನೋಡಿ. ಕುದುರೆಗೆ 18 ಜೊತೆ ಪಕ್ಕೆಲುಬು, ಜೀನಿನ ಭಾರ ಕೊನೇ ಪಕ್ಕೆಲುಬು ದಾಟಿ ಹಿಂದಕ್ಕೆ ಹೋಗ್ಬಾರ್ದು, ಅದರಾಚೆ ಆಧಾರ ಇಲ್ಲ. ನನ್ನ ಕೇಳಿದ್ರೆ ಅರ್ಧ ಬೆನ್ನುನೋವಿಗೆ ಉತ್ತರ ಇಲ್ಲೇ ಸಿಗುತ್ತೆ, ಜೀನು ಬದಲಾಯಿಸದೆ ಬೆನ್ನು ಒತ್ತಿಸಿದ್ರೆ ಮುಂದಿನ ವಾರ ಅದೇ ಕಥೆ.

ಪಕ್ಕೆ ಹತ್ರ ಕ್ಯಾರೆಟ್ ಹಿಡಿದ್ರೆ ಒಂದು ಕಡೆ ಆರಾಮಾಗಿ ಕತ್ತು ಬಗ್ಗಿಸಿ, ಇನ್ನೊಂದು ಕಡೆ ತಲೆ ಓರೆ ಮಾಡೋದು ಅಥವಾ ಇಡೀ ಮೈ ತಿರುಗಿಸೋದು ಮಾಡುತ್ತಾ ನೋಡಿ. ಸವಾರಿಯಲ್ಲಿ ಹೆಜ್ಜೆ ಚಿಕ್ಕದಾಗೋದು, ಕ್ಯಾಂಟರಿನಲ್ಲಿ (ಹದವಾದ ನೆಗೆತದ ಓಟ) ಯಾವಾಗ್ಲೂ ಒಂದೇ ಕಡೆ ಕಾಲು ಮುಂದಿಡೋದು, ಹಾರಬೇಕಾದ ಕಡೆ ನಿಂತುಬಿಡೋದು, ಇವೂ ಸುಳಿವೇ. ನಮಗೆ ಎಡಗೈ ಬಲಗೈ ಇದ್ದ ಹಾಗೆ ಕುದುರೆಗೂ ಸ್ವಲ್ಪ ಒಂದು ಕಡೆ ವಾಲು ಇರುತ್ತೆ, ಅದಕ್ಕೆ ಗಾಬರಿ ಬೇಡ, ಇತ್ತೀಚೆಗೆ ಹೊಸದಾಗಿ ಶುರುವಾಗಿದ್ದನ್ನ ಗಮನಿಸಿ.

ಇಷ್ಟಾದ್ಮೇಲೂ ಮೊದಲ ಫೋನ್ ಪಶುವೈದ್ಯರಿಗೇ ಮಾಡಿ, ಯಾಕಂದ್ರೆ ಹಲ್ಲು ನೋವು, ಗೊರಸಿನ ತೊಂದ್ರೆ, ಹೊಟ್ಟೆ ಹುಣ್ಣು ಎಲ್ಲವೂ ಹೀಗೇ ಕಾಣಿಸುತ್ತೆ. ಅವರು ಬೆನ್ನೇ ಅಂದ್ಮೇಲೆ, ಟ್ರೈನಿಂಗ್ ಆದ ಕೈರೋಪ್ರಾಕ್ಟರ್. ಹಿಂಗಾಲು ಕುಡಿದವರ ಥರ ತೂರಾಡ್ತಿದ್ರೆ ಕತ್ತಿಗೆ ಯಾರನ್ನೂ ಕೈ ಹಾಕೋಕೆ ಬಿಡಬೇಡಿ, ನರದ ತೊಂದ್ರೆ ಇರಬಹುದು, ಡಾಕ್ಟ್ರು ಅವತ್ತೇ ಬರಬೇಕು. ಅವರು ಬರೋದ್ರೊಳಗೆ ಕುದುರೆ ನಡೆಯೋದನ್ನ ಪಕ್ಕದಿಂದ, ಹಿಂದಿನಿಂದ ಮೊಬೈಲಲ್ಲಿ ವಿಡಿಯೋ ಮಾಡಿಟ್ಕೊಳ್ಳಿ, ಡಾಕ್ಟ್ರ ಮುಂದೆ ಎಷ್ಟೋ ಕುದುರೆ ಏನೂ ಆಗೇ ಇಲ್ಲ ಅನ್ನೋ ಥರ ನಡೆದುಬಿಡುತ್ತೆ.