ಔಷಧಿ ಹೊಡೆಯದೆ ಬಿಟ್ಟ ಮರಗಳು

ಅಡಿಕೆ ತೋಟಕ್ಕೆ ಕೊಳೆ, ಅಂದರೆ ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ, ಬಿತ್ತೆಂದರೆ ಔಷಧಿಗಿಂತ ಮುಂಚೆ ಕಾರಣಗಳು ಬರುತ್ತವೆ. ಒಬ್ಬರಿಗೆ ಗೊಬ್ಬರ ಕಾರಣ, ಇನ್ನೊಬ್ಬರಿಗೆ ಪಕ್ಕದ ತೋಟದವರು. ಕೊಳೆ ಬಾರದ ವರ್ಷದ್ದು ಇನ್ನೊಂದು ತಮಾಷೆ: ಯಾರು ಏನು ಹೊಡೆದಿದ್ದರೋ ಅದರಿಂದಲೇ ತೋಟ ಉಳಿಯಿತು! ಪುನರ್ವಸು, ಪುಷ್ಯ ಮಳೆಗಳೆರಡೂ ಕೈಕೊಟ್ಟ ವರ್ಷ ಏನೂ ಹೊಡೆಯದ ತೋಟವೂ ಚೆನ್ನಾಗೇ ಇರುತ್ತದೆ. ಅದನ್ನು ನೋಡಲು ಮಾತ್ರ ಯಾರೂ ಹೋಗುವುದಿಲ್ಲ.

ಅಂಗಡಿಯವರು ಹೊಸ ದ್ರಾವಣದ ಕ್ಯಾನು ಮುಂದಿಟ್ಟು, "ಹೋದ ವರ್ಷ ಇದನ್ನ ಹೊಡೆದೋರಿಗೆ ಕೊಳೆನೇ ಇಲ್ಲ ಹೆಗಡೇರೆ" ಅಂದರು. ಹೊಡೆಯದವರಿಗೆ ಎಷ್ಟಿತ್ತು ಅಂತ ಕೇಳಿದೆ. "ಕೆಲಸ ಮಾಡಲ್ಲ ಅಂತಾದ್ರೆ ನೀವೇ ತೋರಿಸಿ" ಅಂದರು. ಇದೊಳ್ಳೆ ನ್ಯಾಯ. ಹೇಳಿದವರು ತೋರಿಸಬೇಕೇ ಹೊರತು ಕೇಳಿದವರಲ್ಲ. ಆದರೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ಹಳೆಯ ದ್ರಾವಣದ ಬಗ್ಗೆ ನಾನು ಆಡುವ ಮಾತಿಗೂ ಅದೇ ಲೆಕ್ಕ ತಾನೇ? 1910ರಲ್ಲೇ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ಬರೆದಿದ್ದಾರೆ, ನಿಜ. ನನ್ನ ತೋಟದಲ್ಲಿ ಏನಾಗುತ್ತದೆ ಅನ್ನುವುದನ್ನು ನಾನೇ ನೋಡಬೇಕಿತ್ತು.

ಮೃಗಶಿರಾಕ್ಕೆ ಮುಂಚೆ ಮರಗಳನ್ನು ಮೂರು ಪಾಲು ಮಾಡಿದೆ: ಬೋರ್ಡೋ, ಹೊಸ ದ್ರಾವಣ, ಏನೂ ಇಲ್ಲ. ಸಾಲು ಸಾಲಾಗಿ ಹಂಚಲಿಲ್ಲ. ಕೆಳಗಿನ ಸಾಲುಗಳು ಹಳ್ಳದ ಬದಿಗಿವೆ, ತಂಡಿ ಜಾಸ್ತಿ, ಕೊಳೆ ಶುರುವಾಗುವುದೇ ಅಲ್ಲಿಂದ. ಚೀಟಿ ಎತ್ತಿ ಮರಕ್ಕೆ ಬಣ್ಣ ಬಳಿದೆ. ಬೋರ್ಡೋ ಕೆಟ್ಟರೆ ಹೋಲಿಕೆಯೇ ಸುಳ್ಳಾಗುತ್ತದೆ. ಹಾಗಾಗಿ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್ ಅಳತೆಯಲ್ಲಿ ನಾನೇ ಮಾಡಿದೆ. ಉಜ್ಜಿದ ಕಬ್ಬಿಣದ ಚೂರಿ ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ.

ಎಣಿಸುವ ಕೆಲಸ ಅಣ್ಣನ ಮಗಳದ್ದು. ಯಾವ ಬಣ್ಣಕ್ಕೆ ಯಾವ ಔಷಧಿ ಅಂತ ಅವಳಿಗೆ ಹೇಳಿರಲಿಲ್ಲ. ಗೊತ್ತಿದ್ದರೆ ಕಣ್ಣು ಬೇಕಾದ್ದನ್ನೇ ಹುಡುಕುತ್ತದೆ. ಉದುರಿದ ಕಾಯಿಯನ್ನೆಲ್ಲ ಎಣಿಸುವಂತಿಲ್ಲ, ಹುಳ ತಿಂದದ್ದೂ ಬೀಳುತ್ತದೆ. ಕಾಯಿ ಎತ್ತಿ ತೊಟ್ಟಿನ ಕಡೆ ನೋಡಬೇಕು. ಅಲ್ಲಿ ನೀರು ಕುಡಿದಂಥ ಕಡುಹಸಿರು ಕಲೆಯಿದ್ದು, ಬರುಬರುತ್ತಾ ಬಿಳಿ ಬೂಸಲು ಹಬ್ಬಿದ್ದರೆ ಅದು ಕೊಳೆ. ಅಂಥದ್ದು ಮಾತ್ರ ಲೆಕ್ಕಕ್ಕೆ.

ಮಳೆಗಾಲ ಮುಗಿದಾಗ ಹೊಸ ದ್ರಾವಣದ ಮರಗಳಿಗೂ ಏನೂ ಹೊಡೆಯದ ಮರಗಳಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಬೋರ್ಡೋ ಮರಗಳಲ್ಲೂ ಕೊಳೆ ಬಿತ್ತು, ಆದರೆ ಎದ್ದು ಕಾಣುವಷ್ಟು ಕಡಿಮೆ. ಒಂದು ಮಳೆಗಾಲದ ಲೆಕ್ಕ ಇದು, ಒಂದು ತೋಟದ್ದು. ಇದರಾಚೆಗೆ ನಾನು ಹೇಳುವುದಿಲ್ಲ.

ಎಣಿಸಿದ ಲೆಕ್ಕದ ಪುಸ್ತಕ ತೆಗೆದುಕೊಂಡು ಹೋಗಿ ಅಂಗಡಿಯವರಿಗೆ ತೋರಿಸಿದೆ. "ನಿಮ್ಮ ಮಣ್ಣಿಗೆ ಆಗಿಬಂದಿಲ್ಲ ಬಿಡಿ" ಅಂದರು. ಇರಬಹುದು. ಯಾವ ಮಣ್ಣಿಗೆ ಆಗಿಬರುತ್ತದೆ ಅಂತ ಮಳೆಗಾಲಕ್ಕೆ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಡಿ, ಅಂಥ ಕಡೆಯೇ ಹೊಡೆದು ನೋಡೋಣ ಅಂದೆ. ಚೀಟಿ ಇನ್ನೂ ಬಂದಿಲ್ಲ.