ಸರ್ವರ್‌ಗೆ ದುಡ್ಡು ಸಿಕ್ತು, ಡೇಟಾ ನೋಡ್ಕೊಳ್ಳೋಕೆ ಆಳು ಸಿಗ್ಲಿಲ್ಲ

ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನ ಕೆಮಿಸ್ಟ್ರಿ ಸ್ಟೋರ್ ಪಕ್ಕದ ರೂಮಲ್ಲಿ ಒಂದು ಸರ್ವರ್ ಇದೆ, ಮೈಮೇಲೆ ಕೆಂಪು ಪೇಂಟಲ್ಲಿ ಸ್ಟಾಕ್ ನಂಬರ್ ಬರ್ದಿದೆ, ಆನ್ ಆಗಲ್ಲ. ಗುಜರಿಗೆ ಹಾಕೋಣ ಅಂದ್ರೆ ಅದೂ ಆಗಲ್ಲ, ಸೆಂಟ್ರಲ್ ಗ್ರಾಂಟಲ್ಲಿ ತಗೊಂಡಿದ್ದು, ದುಡ್ಡು ಕೊಟ್ಟೋರ ಒಪ್ಪಿಗೆ ಇಲ್ದೆ ವಿಲೇವಾರಿ ಮಾಡೋ ಹಾಗಿಲ್ಲ. ಅದನ್ನ ತರ್ಸಿದ್ದು ನಾನೇ.

ಶುರುವಾಗಿದ್ದು ಬೋರ್‌ವೆಲ್ ನೀರಿಂದ. ನಮ್ಮ ಕಡೆಯೋರಿಗೆ ಫ್ಲೋರೈಡ್ ಅಂದ್ರೆ ಏನು ಅಂತ ಹೇಳ್ಕೊಡ್ಬೇಕಿಲ್ಲ, ಬಾಗೇಪಲ್ಲಿ ಕಡೆ ಎಷ್ಟೋ ಜನರ ಹಲ್ಲು ನೋಡಿದ್ರೆ ಸಾಕು. ದೇಶದ ಮಾನದಂಡ ಸಂಸ್ಥೆ ಬಿಐಎಸ್ ಪ್ರಕಾರ ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರ್‌ಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲ ಅಂದ್ರೆ 1.5 ವರೆಗೆ ಓಕೆ. ಎಂಎಸ್ಸಿ ಹುಡುಗ್ರು ಪ್ರತಿ ವರ್ಷ ಊರೂರಿಂದ ನೀರು ತಂದು ಟೆಸ್ಟ್ ಮಾಡಿ, ರಿಪೋರ್ಟ್ ಬೈಂಡ್ ಮಾಡಿಸ್ತಾರೆ, ವೈವಾ ಮುಗಿದ ಮೇಲೆ ಅದು ಬೀರು ಸೇರುತ್ತೆ. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನ ಶುದ್ಧೀಕರಿಸಿ ಕಳಿಸೋ ಕೆಸಿ ವ್ಯಾಲಿ ಯೋಜನೆ ನೀರು ಕೋಲಾರದ ಕೆರೆಗಳಿಗೆ ಬರೋಕೆ ಶುರುವಾಯ್ತು, ಆಮೇಲೆ ನಮ್ಮ ಕಡೆಗೆ ಎಚ್‌ಎನ್ ವ್ಯಾಲಿದು, ಆಗ ಎಲ್ರೂ ಕೇಳ್ತಿದ್ದಿದ್ದು ಒಂದೇ, ಇದಕ್ಕೆ ಮುಂಚೆ ನಮ್ಮ ಅಂತರ್ಜಲ ಹೇಗಿತ್ತು? ಉತ್ತರ ಬೀರುವಲ್ಲಿತ್ತು, ನಮ್ಮ ಬೀರು, ಚಿಂತಾಮಣಿ ಕಡೆ ಕಾಲೇಜಿನ ಬೀರು, ಕೋಲಾರ ಕಡೆಯೋರ ಬೀರು, ಮೂರೂ ಒಬ್ಬರಿಗೊಬ್ಬರು ತೋರಿಸ್ದೆ ಬೀಗ ಹಾಕ್ಕೊಂಡಿದ್ವು.

ಮೂರೂ ಕಾಲೇಜು ಸೇರಿ ಒಂದೇ ಕಡೆ ಡೇಟಾ ಇಡೋಣ ಅಂತ ಪ್ರಪೋಸಲ್ ಬರೆದೆ. ಬಜೆಟ್ ಪೂರ್ತಿ ನಾನ್-ರೆಕರಿಂಗ್, ಅಂದ್ರೆ ಒಂದೇ ಸಲದ ಖರ್ಚು, ಸರ್ವರ್, ಯುಪಿಎಸ್, ಎಸಿ, ನೆಟ್‌ವರ್ಕ್ ಸ್ವಿಚ್ಚು. ಮ್ಯಾನ್‌ಪವರ್ ಅನ್ನೋ ಕಡೆ ಸೊನ್ನೆ, ಯಾಕಂದ್ರೆ ಸೀನಿಯರ್ ಒಬ್ರು "ಆಳು ಕೇಳಿದ್ರೆ ಕಮಿಟಿಯೋರು ಮುಖ ಸಿಂಡರಿಸ್ತಾರೆ ಸಾರ್, ಮೆಷಿನ್ ಕೇಳಿ" ಅಂದಿದ್ರು. ಅವರು ಹೇಳಿದ್ದು ಸುಳ್ಳೇನಲ್ಲ, ಸಿಕ್ತು. ದುಡ್ಡು ಬಂದಿದ್ದು ಫೆಬ್ರವರಿಯಲ್ಲಿ, ಮಾರ್ಚ್ 31ರೊಳಗೆ ಖರ್ಚು ತೋರಿಸ್ಬೇಕು, ಸರ್ಕಾರಿ ಖರೀದಿಯ ಜೆಮ್ ಪೋರ್ಟಲಲ್ಲಿ ಬಿಡ್ ಹಾಕಿ, ಸ್ಪೆಸಿಫಿಕೇಶನ್ ತಿದ್ದಿ, ಮತ್ತೆ ಹಾಕಿ, ಆ ಒಂದೂವರೆ ತಿಂಗಳು ನಾನು ಪಾಠ ಮಾಡಿದ್ದು ಕಮ್ಮಿ. ಖಾಲಿ ಇದ್ದ ರೂಮು ಅಂದ್ರೆ ಆ ಸ್ಟೋರ್ ಪಕ್ಕದ್ದು ಒಂದೇ, ಅಲ್ಲೇ ಇಟ್ವಿ. ಗೋಡೆ ಆಚೆ ಹೈಡ್ರೋಕ್ಲೋರಿಕ್ ಆಸಿಡ್ ಬಾಟ್ಲಿಗಳು, ಮೇಲೆ ವೆಂಟಿಲೇಟರ್ ಕಿಂಡಿ ಎರಡೂ ರೂಮಿಗೆ ಕಾಮನ್ನು. ಆಸಿಡ್ ಹೊಗೆ ಈಚೆ ಬಂದು ಲೋಹ ತಿನ್ನುತ್ತೆ ಅಂತ ಕೆಮಿಸ್ಟ್ರಿ ಪಾಠ ಮಾಡೋ ನನಗೇ ಹೊಳೀಲಿಲ್ಲ ನೋಡಿ. ಒಂದು ಮಳೆಗಾಲ ಕಳೆದು ಸರ್ವರ್ ಸತ್ತಾಗ ಮುಚ್ಚಳ ಬಿಚ್ಚಿದ್ರೆ ಸ್ಕ್ರೂಗಳೆಲ್ಲ ತುಕ್ಕು, ತಾಮ್ರ ಇರೋ ಕಡೆ ಹಳೇ ದೇವರ ವಿಗ್ರಹದ ಥರ ಹಸಿರು ಪುಡಿ. ನಾಲ್ಕು ಡಿಸ್ಕ್ ರೇಡ್‌ನಲ್ಲಿ ಹಾಕಿದ್ವಿ, ಅಂದ್ರೆ ಡಿಸ್ಕ್‌ಗಳನ್ನ ಒಟ್ಟಿಗೆ ಜೋಡಿಸೋ ವ್ಯವಸ್ಥೆ, ಅದನ್ನೇ ಬ್ಯಾಕಪ್ ಅಂದ್ಕೊಂಡಿದ್ವಿ. ರೇಡ್ ಅಂದ್ರೆ ಒಂದು ಡಿಸ್ಕ್ ಹೋದ್ರೆ ಕಾಯುತ್ತೆ ಅಷ್ಟೇ, ಎಲ್ಲಾ ಒಟ್ಟಿಗೆ ಹೋದ್ರೆ ಅದೇನ್ ಮಾಡುತ್ತೆ.

ಅಷ್ಟರಲ್ಲಿ ಅದ್ರಲ್ಲಿ ಹಾಕಿದ್ದ ಡೇಟಾ ಎಷ್ಟು ಅಂದ್ರೆ, ನಮ್ಮನೆ ಮದ್ವೆ ವಿಡಿಯೋಗಿಂತ ಕಮ್ಮಿ. ಎಂಟ್ರಿ ಮಾಡೋಕೆ ಯಾರೂ ಇರ್ಲಿಲ್ಲ ಅಲ್ವಾ. ಪುಣ್ಯಕ್ಕೆ ಹಳೇ ರಿಪೋರ್ಟ್‌ಗಳು ಬೀರುವಲ್ಲೇ ಇದ್ವು.

ಎರಡನೇ ಸಲ ಬರೆಯುವಾಗ ಉಲ್ಟಾ ಮಾಡಿದೆ. ಸರ್ವರ್ ಕೇಳ್ಲೇ ಇಲ್ಲ. ಡೇಟಾನ ಝೆನೋಡೋ ಅನ್ನೋ ಆನ್‌ಲೈನ್ ಡೇಟಾ ಭಂಡಾರದಲ್ಲಿ ಇಡ್ತೀವಿ ಅಂದೆ, ಯುರೋಪಿನ ಸಂಶೋಧನಾ ಸಂಸ್ಥೆ ಸರ್ನ್‌ನೋರು ನಡೆಸೋದು, ಫ್ರೀ, ಒಂದೊಂದು ಡೇಟಾಸೆಟ್‌ಗೆ 50 ಜಿಬಿ ವರೆಗೆ ಜಾಗ, ಡೇಟಾಸೆಟ್‌ನ ಕಾಯಂ ಗುರುತಾದ ಡಿಒಐ ನಂಬರ್ರೂ ಸಿಗುತ್ತೆ. ಜೀನೋಮ್ ಥರದ ಡೇಟಾ ಆಗಿದ್ರೆ ಫರೀದಾಬಾದ್‌ನಲ್ಲಿ 2022ರಲ್ಲಿ ಶುರುವಾದ ಇಂಡಿಯನ್ ಬಯಲಾಜಿಕಲ್ ಡೇಟಾ ಸೆಂಟರ್ ಇದೆ, ನಮ್ಮ ಬೋರ್ ನೀರಿನ ರೀಡಿಂಗ್‌ಗೆ ಅದು ಬರಲ್ಲ. ಕೇಳಿದ್ದು ಮುಖ್ಯವಾಗಿ ಒಬ್ಬ ಸಂಶೋಧನಾ ಸಹಾಯಕ, ಅಂದ್ರೆ ಜೆಆರ್‌ಎಫ್, ತಿಂಗಳಿಗೆ 37,000 ರೂಪಾಯಿ ಮತ್ತೆ ಮನೆ ಬಾಡಿಗೆ ಭತ್ಯೆ ಎಚ್‌ಆರ್‌ಎ, ಮೂರು ವರ್ಷಕ್ಕೆ. ಕಮಿಟಿಯಲ್ಲಿ ಒಬ್ರು ಕೇಳಿಯೇ ಕೇಳಿದ್ರು, "ಇನ್‌ಫ್ರಾಸ್ಟ್ರಕ್ಚರ್ ಅಂತೀರ, ಎಕ್ವಿಪ್‌ಮೆಂಟೇ ಇಲ್ವಲ್ರೀ?" ಅಂತ. ನಾನು ತುಕ್ಕು ಹಿಡಿದ ಮದರ್‌ಬೋರ್ಡ್ ಫೋಟೋ ತೋರಿಸ್ದೆ. ಜೊತೆಗೆ 2012ರ ಡೇಟಾ ಹಂಚಿಕೆ ಪಾಲಿಸಿ ಇದ್ಯಲ್ಲ, ಭಾರತ ಸರ್ಕಾರದ ದುಡ್ಡಲ್ಲಿ ತಯಾರಾದ ಸೂಕ್ಷ್ಮವಲ್ಲದ ಡೇಟಾ ಜನಕ್ಕೆ ಸಿಗ್ಬೇಕು ಅನ್ನೋದು, ಅದನ್ನ ಮೊದಲ ಪುಟದಲ್ಲೇ ಹಾಕಿದ್ದೆ. ಫೋಟೋನೇ ಜಾಸ್ತಿ ಕೆಲ್ಸ ಮಾಡ್ತು ಅನ್ಸುತ್ತೆ.

ಕೆಲಸಕ್ಕೆ ಸೇರಿದ ಹುಡುಗಿ ಗುಡಿಬಂಡೆಯವಳು, ಮೊದಲ ವಾರ ಬಂದು "ಸಾರ್, ಇದು ಯಾವ ಊರು?" ಅಂತ ಒಂದು ಪುಟ ತೋರಿಸಿದ್ಲು. ಜಾಗ ಅನ್ನೋ ಕಡೆ 'ಮುನಿಯಪ್ಪನ ತೋಟದ ಬೋರು' ಅಂತ ಇತ್ತು. ಯಾವ ಮುನಿಯಪ್ಪ, ಯಾವ ತೋಟ? ನಮ್ಮ ಕಡೆ ಊರಿಗೆ ನಾಲ್ಕು ಜನ ಮುನಿಯಪ್ಪ ಇರ್ತಾರೆ. ಊರ ಹೆಸರೂ ಅಷ್ಟೇ, ಒಬ್ಬ ಪಲ್ಲಿ ಅಂತ ಬರೀತಾನೆ, ಇನ್ನೊಬ್ಬ ಹಳ್ಳಿ ಅಂತಾನೆ, ತೆಲುಗು ಮನೆಮಾತಿನ ಹುಡುಗ್ರು ಒಂದು ಥರ, ಕನ್ನಡದೋರು ಒಂದು ಥರ, ಕಂಪ್ಯೂಟರ್‌ಗೆ ಅವು ಎರಡು ಊರು. ಕೊನೆಗೆ ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಹಳ್ಳಿಗೂ ಒಂದು ಕೋಡ್ ಇರುತ್ತಲ್ಲ, ಅದನ್ನೇ ಹಿಡ್ಕೊಂಡ್ವಿ. ಹೆಸರು ಹೇಗಾದ್ರೂ ಬರ್ಕೊಳ್ಳಿ, ಕೋಡ್ ಮಾತ್ರ ಸರಿ ಇರ್ಲಿ. ಹಳೇ ಸ್ಟೂಡೆಂಟ್‌ಗಳಿಗೆ ಫೋನ್ ಮಾಡಿ ಮಾಡಿ ಜಾಗ ಪತ್ತೆ ಹಚ್ಚಿದ್ಲು, ಒಬ್ಬ ಈಗ ಶಿಡ್ಲಘಟ್ಟದಲ್ಲಿ ರೇಷ್ಮೆ ವ್ಯಾಪಾರದಲ್ಲಿದ್ದಾನೆ, ಅವನೇ ಬೈಕಲ್ಲಿ ಕರ್ಕೊಂಡು ಹೋಗಿ ಬೋರು ತೋರಿಸ್ದ. ಪತ್ತೆ ಆಗದ ರೀಡಿಂಗ್‌ಗಳನ್ನ ಬಿಸಾಕ್ಲಿಲ್ಲ, ಜಾಗ ಗೊತ್ತಿಲ್ಲ ಅಂತ ಗುರುತು ಹಾಕಿ ಬೇರೆ ಫೈಲಲ್ಲಿ ಇಟ್ವಿ.

ಇನ್ನೊಂದು ವಿಷಯ ನಾನು ಪ್ರಪೋಸಲಲ್ಲಿ ಯೋಚ್ನೆನೇ ಮಾಡಿರ್ಲಿಲ್ಲ. ಮುಳಬಾಗಿಲು ಕಡೆ ಒಬ್ಬ ರೈತರು ಮೊಬೈಲಲ್ಲಿ ಲೊಕೇಶನ್ ತಗೊಳ್ಳೋದು ನೋಡಿ ನೀರೇ ಕೊಡ್ಲಿಲ್ಲ, "ಪರ್ಮಿಶನ್ ತಗೊಂಡು ಕೊರ್ಸಿದ್ದಲ್ಲಪ್ಪ ಇದು, ನಾಳೆ ಯಾರಾದ್ರೂ ಬಂದ್ರೆ?" ಅಂದ್ರು. ನ್ಯಾಯವೇ. ಹಾಗಾಗಿ ಪಬ್ಲಿಕ್ ಫೈಲಲ್ಲಿ ಅಕ್ಷಾಂಶ ರೇಖಾಂಶ ದಶಾಂಶದ ಎರಡೇ ಅಂಕಿಗೆ ನಿಲ್ಲಿಸಿದ್ವಿ, ಅಂದ್ರೆ ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಆಸುಪಾಸು, ಮಾಲೀಕರ ಹೆಸರು ಇಲ್ವೇ ಇಲ್ಲ. ಕರೆಕ್ಟ್ ಜಾಗ ಮೂರು ಕಾಲೇಜಿನ ಗೈಡ್‌ಗಳ ಹತ್ರ ಮಾತ್ರ ಇದೆ.

ಲೆಕ್ಕದ ತಲೆನೋವು ಬೇರೆ. ಗ್ರಾಂಟ್ ಬ್ಯಾಂಕಲ್ಲಿ ಕೂತು ಬಡ್ಡಿ ಹುಟ್ಟಿಸಿದ್ರೆ ಅದನ್ನ ವಾಪಸ್ ಸರ್ಕಾರಕ್ಕೆ ಕಟ್ಬೇಕು, ನಮ್ಮದಲ್ಲ. ದುಡ್ಡು ಹೇಗೆ ಖರ್ಚಾಯ್ತು ಅಂತ ಕೊಡೋ ಯುಟಿಲೈಸೇಶನ್ ಸರ್ಟಿಫಿಕೇಟ್ (ಯುಸಿ) ಕೇಂದ್ರದ ಹಣಕಾಸು ನಿಯಮದ ಜಿಎಫ್‌ಆರ್ 12-ಎ ಫಾರ್ಮಲ್ಲೇ ಹೋಗ್ಬೇಕು, ತಗೊಂಡ ವಸ್ತುಗಳಿಗೆ ಅಸೆಟ್ ರಿಜಿಸ್ಟರ್ ಬೇರೆ. ಯುಸಿ ಲೇಟಾದ್ರೆ ಮುಂದಿನ ಕಂತು ನಿಲ್ಲುತ್ತೆ, ಕಂತು ನಿಂತ್ರೆ ಆ ಹುಡುಗಿ ಸಂಬಳ ನಿಲ್ಲುತ್ತೆ, ಒಂದ್ಸಲ ಐದು ತಿಂಗಳು ನಿಂತಿತ್ತು, ಅವಳು ಬಸ್ ಚಾರ್ಜಿಗೆ ಮನೇಲಿ ಕೇಳ್ಕೊಂಡು ಬರ್ತಿದ್ಲು. ಈ ಥರ ಗ್ರಾಂಟ್‌ಗೆ ಹಾಕೋರು ಯಾರಾದ್ರೂ ಇದ್ರೆ ಏಪ್ರಿಲ್ ಮೊದಲ ವಾರವೇ ಅಕೌಂಟ್ಸ್ ಸೆಕ್ಷನ್‌ನಲ್ಲಿ ಹೋಗಿ ಕೂತ್ಕೊಳ್ಳಿ, ಮರ್ಯಾದೆ ನೋಡ್ಬೇಡಿ.

ಕಳೆದ ಸಲ ಆಡಿಟ್‌ಗೆ ಬಂದೋರು ರಿಜಿಸ್ಟರ್ ತೆಗೆದು "ಎರಡನೇ ಗ್ರಾಂಟಿನ ಅಸೆಟ್ ಎಲ್ಲಿ ಸಾರ್?" ಅಂದ್ರು. ಲ್ಯಾಪ್‌ಟಾಪ್ ತೆಗೆದು ಡೇಟಾಸೆಟ್ ಪುಟ ತೋರಿಸ್ದೆ. ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದ್ರು, ಪೆನ್ನಿನ ಕ್ಯಾಪ್ ಹಾಕಿದ್ರು. "ಸರಿ, ಇದಕ್ಕೆ ಸ್ಟಾಕ್ ನಂಬರ್ ಎಲ್ಲಿ ಬರೆಸ್ತೀರ?"

ಡಿಒಐ ಬರೆಸಿದೆ, ಕಾಲಂನಲ್ಲಿ ಹಿಡೀಲಿಲ್ಲ, ಎರಡು ಸಾಲಾಯ್ತು.